ನಿಂತೇ ಮುಗಿಯುವ ಮೀಟಿಂಗು

ಬೆಳಗ್ಗೆ ಆರೂವರೆ. ಪಾಂಡವಪುರದ ಸೈಕಲ್ ಅಂಗಡಿಯೊಂದರ ಮಹಡಿಯಲ್ಲಿ ಐದಾರು ಜನ ಕಣ್ಣುಜ್ಜಿಕೊಳ್ಳುತ್ತಾ ಸುತ್ತುಗಟ್ಟಿ ನಿಂತಿದ್ದಾರೆ. ಕುರ್ಚಿಗಳಿವೆ, ಕೂರುವಂತಿಲ್ಲ. ಕೂತರೆ ಮಾತು ಬೆಳೆಯುತ್ತದೆ ಎನ್ನುವುದು ಆಫ್ರೀನ್ ಕಾನೂನು. ಸ್ಲೋಮೋಷನ್ ಇಲ್ಲ, ಹಿನ್ನೆಲೆ ಸಂಗೀತವಿಲ್ಲ. ದುಪಟ್ಟಾ ಸರಿಮಾಡಿಕೊಂಡು ಆಕೆ ಬಾಗಿಲಲ್ಲಿ ಕಂಡರೆ ಸಾಕು, ಆಕಳಿಕೆಗಳು ಅರ್ಧಕ್ಕೇ ಕಟ್.

ಶ್ರೀರಂಗಪಟ್ಟಣದ ಗೂಡ್ಸ್ ಆಟೋ ಡ್ರೈವರ್ ಜಲೀಲರ ಮಗಳು ಆಫ್ರೀನ್ ಈ ಸಾಫ್ಟ್‌ವೇರ್ ತಂಡದ ಸ್ಕ್ರಮ್ ಮಾಸ್ಟರ್. ಕೋಡ್ ಬರೆಯುವವರು ಬೇರೆ. ನಿನ್ನೆ ಏನಾಯಿತು, ಇವತ್ತು ಏನು, ಎಲ್ಲಿ ಸಿಕ್ಕಿಕೊಂಡಿದೆ ಎಂದು ದಿನಾ ಎಲ್ಲರನ್ನೂ ಕೇಳಿ ಗಂಟು ಬಿಡಿಸುವುದು ಈಕೆಯ ಪಾಲು. ನಾಗಮಂಗಲದ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ಸರದಿಯನ್ನು ಕಂಪ್ಯೂಟರಿಗೆ ಏರಿಸುವುದು ಈಗಿನ ಕೆಲಸ. ಅಲ್ಲಿನ ನರ್ಸ್ ರಂಜಿತ ಡ್ಯೂಟಿಗೆ ಮುಂಚೆ ಫೋನಿನಲ್ಲಿ ಸೇರಿಕೊಳ್ಳಲಿ ಎಂದೇ ಮೀಟಿಂಗು ಇಷ್ಟು ಬೇಗ.

ಮೊದಮೊದಲು ಈ ಮೀಟಿಂಗು ಪೂರ್ತಿ ಫ್ಲಾಪ್. ಈ ಸೀಮೆಯಲ್ಲಿ ಎದುರಿಗೆ ನಿಂತವರಿಗೆ "ಆಗಲ್ಲ" ಎನ್ನುವುದು ಮರ್ಯಾದೆಯಲ್ಲ. ಏನು ಕೇಳಿದರೂ "ಆಯ್ತದೆ ಬುಡಿ ಮೇಡಂ". ಅದನ್ನು ನಂಬಿ ಆಸ್ಪತ್ರೆಯವರಿಂದ ಬೈಸಿಕೊಂಡ ಮೇಲೆ ಆಫ್ರೀನ್ ಹೊಸ ಪದ್ಧತಿ ತಂದರು. ಹಿರಿಯರಿಗೆ, ನೆಂಟರಿಗೆ ಸಲ್ಲುವ ಮೊದಲ ಲೋಟ ಟೀ ಇಲ್ಲಿ, "ಸಿಕ್ಕಿಕೊಂಡಿದ್ದೇನೆ" ಎಂದು ಒಪ್ಪಿಕೊಂಡವರಿಗೆ.

ಇವತ್ತು ಶುಕ್ರವಾರ. ಸೋಮವಾರ ಸಾಫ್ಟ್‌ವೇರ್ ಚಾಲೂ ಆಗಬೇಕು. ತಪ್ಪಿದರೆ ಮುಂದಿನ ಕೆಲಸವೆಲ್ಲ ಬೇರೆ ಕಂಪನಿಗೆ ಎಂದು ಆಸ್ಪತ್ರೆಯ ಮ್ಯಾನೇಜರ್ ಖಡಕ್ಕಾಗಿ ಹೇಳಿದ್ದಾರೆ. ಆದರೂ ಅಕ್ಕಿಹೆಬ್ಬಾಳಿನ ಲೋಕೇಶ್ ಬಾಯಲ್ಲಿ ಮತ್ತದೇ "ಆಯ್ತದೆ". ಆಫ್ರೀನ್ ಬೈಯುವುದಿಲ್ಲ. ಮೊದಲ ಟೀ ಲೋಟವನ್ನು ಅವರ ಮುಂದೆ ಹಿಡಿದು ನಿಲ್ಲುತ್ತಾರೆ. ಯಾವ ಮಾಸ್ ಡೈಲಾಗಿಗೂ ಇಲ್ಲದ ಪವರ್ ಆ ಲೋಟಕ್ಕೆ.

"ಸರದಿ ಬದಲಾಯಿಸ್ದಾಗ ಒಂದೇ ಮಿಸನ್ನಿಗೆ ಇಬ್ರು ಪೇಷಂಟ್ ಆಕ್ಬುಡ್ತದೆ ಮೇಡಂ," ಲೋಕೇಶ್ ನೆಲ ನೋಡುತ್ತಾರೆ. "ಮಾತ್ ಕೊಟ್ಬುಟ್ಟಿದ್ದೆ, ಎಂಗೇಳದು ಅಂತ..."

"ಈಗ್ ಏಳ್ದಲ್ಲ, ಕುಡಿ. ಆರೋಯ್ತದೆ."

ರಂಜಿತ ಇರುವ ಕಾಲ್‌ಗೇ ಮ್ಯಾನೇಜರನ್ನೂ ಸೇರಿಸಿ, ಎಲ್ಲರ ಎದುರಿಗೇ ಇನ್ನೊಂದು ವಾರ ಕೇಳುತ್ತಾರೆ ಆಫ್ರೀನ್. ಆ ಕಡೆ ದನಿ ಏರುತ್ತದೆ. ತಪ್ಪು ಮಾಡಿದವರು ಯಾರು, ಹೆಸರು ಹೇಳಿ ಎಂದು ಮ್ಯಾನೇಜರ್ ಪಟ್ಟು ಹಿಡಿಯುತ್ತಾರೆ.

"ಹೆಸ್ರು ಯಾಕ್ ಸರ್? ತಪ್ಪು ಸಿಕ್ಕದೆ. ಅದ್ನ ಸರಿಮಾಡಿ ಕೊಡ್ತೀವಿ."

ಲೋಕೇಶ್ ಲೋಟ ಹಿಡಿದವರು ಹಿಡಿದಂತೆಯೇ ನಿಂತಿದ್ದಾರೆ. ಫೋನಿನಲ್ಲಿ ರಂಜಿತ ಮಧ್ಯೆ ಬಾಯಿ ಹಾಕುತ್ತಾರೆ: ಒಂದು ಮಿಷನ್ನಿನ ಮುಂದೆ ಇಬ್ಬರನ್ನು ನಿಲ್ಲಿಸಿ ನಾನು ಯಾರನ್ನು ವಾಪಸ್ ಕಳಿಸಲಿ, ಇನ್ನೊಂದು ವಾರ ಸರದಿಯನ್ನು ಈಗಿನಂತೆ ಬೋರ್ಡ್ ಮೇಲೇ ಬರೆದುಕೊಳ್ಳುತ್ತೇವೆ. ಮ್ಯಾನೇಜರ್ ಗೊಣಗಿಕೊಂಡೇ ಒಪ್ಪುತ್ತಾರೆ. ಮುಂದಿನ ಕೆಲಸದ ಬಗ್ಗೆ ಮಾತ್ರ "ನೋಡೋಣ" ಅಷ್ಟೇ.

ಆ ಕೆಲಸ ಉಳಿಯುತ್ತದೋ ಇಲ್ಲವೋ, ಆಫ್ರೀನ್‌ಗೂ ಗೊತ್ತಿಲ್ಲ. ಎಲ್ಲರೂ ಕಂಪ್ಯೂಟರಿನತ್ತ ಹೊರಟ ಮೇಲೆ, ಆಕೆ ಇವತ್ತು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಸುರುವಾದ್ ದಿನ ಅಲ್ಲಿ ಯಾರೂ ನಮ್ನ ನೆನಸ್ಕೊಬಾರ್ದು," ಎನ್ನುತ್ತಾರೆ. "ಪೇಷಂಟ್ ಬರ್ಬೇಕು, ಖಾಲಿ ಮಿಸನ್ ಸಿಗ್ಬೇಕು, ಮುಗಿಸ್ಕೊಂಡು ಟೈಮಿಗೆ ಸರ್ಯಾಗಿ ಊರಿನ್ ಬಸ್ ಅತ್ಬೇಕು. ನನ್ಗಷ್ಟ್ ಸಾಕು."