ಕೆಮ್ಮು ಸಹಿತವಾದ ಹಾಡು

ಅವರ ಬಲಗೈ ಕಿರುಬೆರಳು ಕ್ಯಾಸೆಟ್ಟಿನ ಹಲ್ಲುಗಾಲಿಯೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ನಾವು ಪೆನ್ಸಿಲ್ ಹುಡುಕುವಷ್ಟರಲ್ಲಿ ಸಡಿಲಾದ ಟೇಪನ್ನು ಬೆರಳಿನಿಂದಲೇ ಗರಗರ ಸುತ್ತಿ ಮುಗಿಸಿರುತ್ತಿದ್ದರು. ಕಲಬುರಗಿಯಲ್ಲಿ ನನಗೆ ಗಣಿತ ಹೇಳಿಕೊಟ್ಟ ಮಾಸ್ತರರು ಅವರು. ಗಣಿತದಲ್ಲಿ ನಾನು ದಡ್ಡನಾಗಿಯೇ ಉಳಿದೆ. ಕಿವಿಗೊಟ್ಟು ಕೇಳುವುದನ್ನು ಮಾತ್ರ ಅವರಿಂದ ಕಲಿತೆ. ಕಲಿತೂ ಕೆಟ್ಟೆನಲ್ಲ, ಅದಕ್ಕೇ ಈ ಸಿಟ್ಟು.

ಕುಸನೂರ ರಸ್ತೆಯ ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅವರು ಸೈಕೆಡೆಲಿಕ್ ರಾಕ್ ಎಂಬ ಪರದೇಶದ ಗಿಟಾರ್ ಸಂಗೀತ ಹಚ್ಚುತ್ತಿದ್ದರು. ಸ್ಟುಡಿಯೋದಲ್ಲಿ ತೊಳೆದಿಟ್ಟ ಹಾಡು ಅವರಿಗೆ ಆಗುತ್ತಿರಲಿಲ್ಲ, ಜನರ ಮುಂದೆ ಬಾರಿಸಿದ್ದೇ ಬೇಕು. ಒಂದೊಂದು ಹಾಡು ಇಪ್ಪತ್ತು ನಿಮಿಷ. ಗಿಟಾರ್ ಎಲ್ಲಿಗೋ ಹೊರಟು ದಾರಿ ತಪ್ಪುವುದು, ತಂತಿ ಹರಿಯುವುದು, ಹೊಸದು ಕಟ್ಟುವವರೆಗೆ ಡ್ರಮ್ ಒಂದೇ ಕಾಯುತ್ತ ಬಡಿಯುವುದು. ಮಾಸ್ತರರು ಕಿರುಬೆರಳು ಎತ್ತುತ್ತಿದ್ದರು. "ಇಲ್ಲಿ ಕೇಳು. ಮುಂದ ಎಲ್ಲಿ ಹೋಗ್ಬೇಕಂತ ಅವಗ ಖರೇನೇ ಗೊತ್ತಿಲ್ಲ. ಹೆದರ್ಯಾನ. ಆದ್ರೂ ನಿಂತಿಲ್ಲ ನೋಡು! ನಮ್ಮ ಕಮಲಾಪುರದ ಭಜನಿಯವರೂ ಹಿಂಗೇ."

ಪಕ್ಕದ ಮನೆಯವರು ಗೋಡೆ ಬಡಿದು, "ಮಾಸ್ತರ್ರ, ದೆವ್ವ ಬಿಡಿಸಾಕತ್ತೀರೇನ್ರೀ?" ಎಂದು ಕೂಗುತ್ತಿದ್ದರು. ಅವರಿಗೇನು ತಿಳಿಯುತ್ತದೆ, ಮಣ್ಣು!

ಒಂದು ಕ್ಯಾಸೆಟ್ ಅವರೇ ರೆಕಾರ್ಡ್ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಮುಂಬೈಗೆ ಕರೆದೊಯ್ದಿದ್ದರು. ಅಲ್ಲಿ ಪರದೇಶದ ತಂಡವೊಂದು ಬಾರಿಸುವಾಗ ಜನರ ನಡುವೆ ಕೂತು, ಟೇಪ್ ರೆಕಾರ್ಡರನ್ನು ಆಕೆಯ ಸೆರಗಿನಡಿ ಮುಚ್ಚಿಟ್ಟಿದ್ದರು. ಗಿಟಾರ್ ಸಣ್ಣಗಾದ ಒಂದು ಜಾಗದಲ್ಲಿ ಯಾರೋ ಕೆಮ್ಮುತ್ತಾರೆ. ಹಿಂದೆಯೇ ಆಕೆಯ ದನಿ: "ರೀ, ಈ ಹಾಡು ಇನ್ನಾ ಮುಗದಿಲ್ಲೇನ್ರೀ?" ಮಾಸ್ತರರು ಪ್ರತಿ ಸಲವೂ ನಗುತ್ತಿದ್ದರು. ಆಕೆ ತೀರಿಕೊಂಡ ಮೇಲೂ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತ. ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ.

ನಿವೃತ್ತರಾಗಿ ಅವರು ತಮ್ಮೂರು ಕಮಲಾಪುರಕ್ಕೆ ಮರಳಿದರು. ಟೇಪು ಸವೆಯುತ್ತಿದೆ, ಪೆನ್‌ಡ್ರೈವಿಗೆ ಹಾಕಿಸಿಕೊಡುತ್ತೇನೆ ಎಂದು ನಾನೇ ಎದೆ ತಟ್ಟಿ ಆ ಕ್ಯಾಸೆಟ್ ಒಯ್ದೆ. ಕಲಬುರಗಿಯ ಸ್ಟುಡಿಯೋದವನಿಗೆ ಹೇಳಿದ್ದು ಒಂದೇ ಮಾತು: "ಚೊಕ್ಕ ಮಾಡಿ ಕೊಡ್ರಿ." ಬೆಂಕಿ ಹಚ್ಚಬೇಕು ನನ್ನ ನಾಲಿಗೆಗೆ! ಅವನು ಕೆಮ್ಮು ತೆಗೆದ, ಚಪ್ಪಾಳೆ ತೆಗೆದ, ಆಕೆಯನ್ನೂ ತೆಗೆದ. ನಾನೋ, ಕ್ಯಾಸೆಟ್ಟನ್ನೂ ಅಲ್ಲೇ ಬಿಟ್ಟು, ಒಮ್ಮೆಯೂ ಕೇಳಿ ನೋಡದೆ ಕಮಲಾಪುರಕ್ಕೆ ಓಡಿದೆ.

ಪೆನ್‌ಡ್ರೈವ್ ಹಚ್ಚಿದೆ. ಹಾಡಿನಲ್ಲಿ ಆಕೆಯ ದನಿ ಬರುವ ಜಾಗ ಹತ್ತಿರವಾದಂತೆ ಮಾಸ್ತರರು ಕಿರುಬೆರಳು ಎತ್ತಿ ಕಾದರು. ಜಾಗ ಬಂತು, ಹೋಯಿತು. ಬೆರಳು ಹಾಗೇ ನಿಂತಿತ್ತು.

"ಇನ್ನೊಮ್ಮಿ ಹಚ್ಚು."

ಹಚ್ಚಿದೆ.

"ಆಕಿ ಎಲ್ಲಿ ಹೋದಳೋ?"

ಸಿಕ್ಕ ಬಸ್ಸು ಹತ್ತಿ ಸ್ಟುಡಿಯೋಗೆ ಬಂದೆ. "ಹಳೇ ಕ್ಯಾಸೆಟ್ ಯಾರ್ ಇಟ್ಕೋತಾರ್ರೀ? ಗುಜರಿಗೆ ಹಾಕೀನಿ, ಕಂಪ್ಯೂಟರ್‌ನಾಗಿಂದೂ ಅಳಿಸೀನಿ. ಸೌಂಡ್ ಎಷ್ಟ್ ಸಾಫ್ ಬಂದದ, ಶಾಭಾಸ್ ಅನ್ರಲ್ಲ!" ಎಂದ ಆ ಪುಣ್ಯಾತ್ಮ. ಕಾಲರ್ ಹಿಡಿದೆ, ಬಿಟ್ಟೆ. ಚೊಕ್ಕ ಮಾಡು ಎಂದವನು ನಾನೇ ತಾನೆ?

ಮಾಸ್ತರರು ನನ್ನನ್ನು ಬೈಯಲೇ ಇಲ್ಲ. "ಹಾಡು ಉಳಸೀದಿ, ಆಯ್ತು ಬಿಡಪ್ಪ," ಎಂದರು. ಆ ಪೆನ್‌ಡ್ರೈವನ್ನು ಮತ್ತೆ ಅವರು ಹಚ್ಚಲಿಲ್ಲ. ಎರಡು ಏಟು ಹಾಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಈ ವರ್ಷ ಅವರು ತೀರಿಕೊಂಡರು. ಅಂದು ಬೆಳಿಗ್ಗೆ ಕಮಲಾಪುರದ ಅವರ ಮನೆಯಂಗಳದಲ್ಲಿ ಊರ ಭಜನೆಯವರು ಕೂತರು. ಹಾರ್ಮೋನಿಯಂ ಒಂದು ಕಡೆ, ಹಾಡು ಒಂದು ಕಡೆ. ಹಾಡುತ್ತಿದ್ದ ಮುದುಕ ಪದ ಮರೆತು ಹುಡುಕುತ್ತಿದ್ದ, ತಾಳದವರು ಅವನಿಗಾಗಿ ಕಾಯುತ್ತ ಬಾರಿಸುತ್ತಿದ್ದರು. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮಾಸ್ತರರ ಅಣ್ಣನ ಮೊಮ್ಮಗ ಬಗ್ಗಿ ನನ್ನ ಕಿವಿಯಲ್ಲಿ, "ಕಾಕಾ, ಈ ಕೆಮ್ಮೋದು, ಅಳೋದು ಎಲ್ಲಾ ತಗದು ಗ್ರೂಪಿಗೆ ಹಾಕ್ರಿ," ಎಂದ.

"ಒಂದ್ ಕೆಮ್ಮು ಮುಟ್ಟಿದ್ರೂ ಕೈ ಮುರೀತೀನಿ ಮಗನ!"

ಸಾವಿನ ಮನೆಯೆಂಬುದನ್ನೂ ಮರೆತು ಕೂಗಿಬಿಟ್ಟಿದ್ದೆ. ಎಲ್ಲರೂ ತಿರುಗಿ ನೋಡಿದರು. ತಾಳ ಮಾತ್ರ ನಿಲ್ಲಲಿಲ್ಲ. ನನ್ನ ಆ ಕೂಗೂ ಆ ರೆಕಾರ್ಡಿನಲ್ಲಿದೆ. ತೆಗೆದಿಲ್ಲ.