ಸೌದೆಯ ಸದ್ದು ಬಲ್ಲ ಕಿವಿ

ಬೆಳಗಿನ ಐದು ಗಂಟೆ. ಬೇಕರಿಯ ಹಿಂದಿನ ತಗಡಿನ ಚಪ್ಪರದಡಿ ಒಬ್ಬ ಹೆಂಗಸು ಎರಡು ಸೌದೆ ಸೀಳು ಎತ್ತಿ, ಕಿವಿಯ ಪಕ್ಕ ಹಿಡಿದು, ಒಂದಕ್ಕೊಂದು ತಟ್ಟುತ್ತಾರೆ. ಟಣ್! ಆ ಜೋಡಿ ಬುಟ್ಟಿಗೆ. ಇನ್ನೆರಡು ತಟ್ಟುತ್ತಾರೆ. ದಬ್. ಅವು ಮೂಲೆಗೆ. ಅವರ ಬಗ್ಗೆ ಬರೆಯಲು ಬಂದ ನನ್ನ ಕಣ್ಣಿಗೆ ನಾಲ್ಕೂ ಒಂದೇ ತಾಯಿಯ ಮಕ್ಕಳು.

“ಟಣ್ ಅಂದ್ರೆ ಒಣಗಿದ್ದು. ದಬ್ ಅಂದ್ರೆ ಹೊಟ್ಟೇಲಿ ಇನ್ನೂ ನೀರಿದೆ,” ಎನ್ನುತ್ತಾರೆ, ತಲೆ ಎತ್ತದೆ.

ಬೀದಿಯವರಿಗೆ ಇವರು ಸೌದೆ ಅಕ್ಕ. ಈ ಬೇಕರಿಯ ಬ್ರೆಡ್ಡನ್ನು ಹೊಗಳುವವರು ಊರ ತುಂಬ ಇದ್ದಾರೆ. ಅದು ಯಾರ ಬೆಂಕಿಯಲ್ಲಿ ಬೆಂದಿತೆಂದು ಕೇಳಿದವರನ್ನು ಮಾತ್ರ ನಾನು ಕಾಣೆ. ಇಪ್ಪತ್ತೆರಡು ವರ್ಷಗಳಿಂದ ಅಕ್ಕ ದಿನಕ್ಕೆ ನೂರಿಪ್ಪತ್ತು ಕಿಲೋ ಸೌದೆ ಆರಿಸಿ, ಹೊತ್ತು, ಇಟ್ಟಿಗೆಯ ಒಲೆಗೆ ಉಣಿಸುತ್ತಿದ್ದಾರೆ. ಅದರಲ್ಲಿ ಆರುನೂರು ಬ್ರೆಡ್ ಬೇಯುತ್ತವೆ. ಮುಂಗೈಯಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು.

ಇವತ್ತು ಏಳು ಗಂಟೆಗೆ ಆರೋಗ್ಯ ನಿರೀಕ್ಷಕರು ಚಿಮಣಿ ನೋಡಲು ಬರುತ್ತಾರೆ. ಹೊಗೆ ಕಂಡರೆ ಸೌದೆ ಒಲೆಗೆ ಬೀಗ. ಆಮೇಲೆ ಬರುವುದು ಕರೆಂಟಿನ ಒಲೆ, ಅದಕ್ಕೆ ಅಕ್ಕನ ಹಂಗಿಲ್ಲ. ಬೇಕರಿಯ ಯಜಮಾನರು ಇದನ್ನು ಬೇಸರದಿಂದಲೇ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಇಷ್ಟಕ್ಕೆಲ್ಲ ಕಾರಣ ಒಂದು ನೆಗಡಿ! ಹೋದ ವಾರ ಅಕ್ಕನ ಕಿವಿ ಕಟ್ಟಿಕೊಂಡಿತ್ತು. ಯಾವ ಸೌದೆ ತಟ್ಟಿದರೂ ದಬ್. ತಪ್ಪು ಸೌದೆಯದಲ್ಲ, ತನ್ನ ಕಿವಿಯದು ಎಂದುಕೊಂಡು ಕಣ್ಣಂದಾಜಿನಲ್ಲೇ ಒಲೆ ತುಂಬಿಬಿಟ್ಟರು. ಗ್ರಹಚಾರ ನೋಡಿ, ಅವತ್ತು ಬಂದಿದ್ದ ಸೌದೆಯೆಲ್ಲ ನಿಜವಾಗಿಯೂ ಹಸಿ! ಬೀದಿಗೆ ಬೀದಿಯೇ ಕೆಮ್ಮಿತು. ಎದುರು ಮನೆಯ ಮೇಷ್ಟ್ರು ಒಣಹಾಕಿದ್ದ ಬಿಳಿ ಅಂಗಿಗಳು ಮಸಿಯಾದವು, ದೂರು ಹೋಯಿತು.

“ಮೇಷ್ಟ್ರು ಮಾಡಿದ್ದು ಸರೀನೇ. ನಮ್ಮತ್ತೆ ಈ ಕೆಲ್ಸ ಕಲಿಸುವಾಗ್ಲೇ ಹೇಳಿದ್ರು, ಕಣ್ಣು ತೊಗಟೆ ನೋಡಿ ಮೋಸ ಹೋಗುತ್ತೆ ಅಂತ. ನಾನೇ ಮರೆತೆ.”

ಈಗ ಕಿವಿ ಬಿಟ್ಟಿದೆ. ಅಕ್ಕ ದಪ್ಪ ಸೌದೆಗಳನ್ನು ಕೆಳಗೆ ಜೋಡಿಸಿ, ನಡುವೆ ಗಾಳಿ ಆಡಲು ಸಂದು ಬಿಟ್ಟು, ಮೇಲೆ ಬೆರಳು ಗಾತ್ರದ ಕಡ್ಡಿ ಇಡುತ್ತಾರೆ. ಐದೂವರೆಗೆ ಬೆಂಕಿ ಹಚ್ಚುವುದೂ ಮೇಲಿನಿಂದಲೇ! ಕೆಳಗಿನಿಂದ ಹಚ್ಚಿದರೆ ಸೌದೆ ಬಿಸಿಯಾಗುತ್ತಾ ಬಿಡುವ ಹೊಗೆ ಹಾಗೇ ಮೇಲೇರುತ್ತದೆ. ಮೇಲೆ ಉರಿ ಇದ್ದರೆ ಆ ಹೊಗೆಯೂ ಉರಿದುಹೋಗುತ್ತದೆ ಎಂದು ವಿವರಿಸುತ್ತಾರೆ. ನಾನು ಬೀದಿಗೆ ಓಡಿ ಚಿಮಣಿ ನೋಡುತ್ತೇನೆ. ತೆಳುವಾದ ಒಂದು ಎಳೆ ಎದ್ದು ಕರಗಿತು. ಅಷ್ಟೇ! ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಗೆಯಿಲ್ಲದ ಬೆಂಕಿಯನ್ನು ಬಂದು ನೋಡಿ ಎಂದು ಕೂಗಬೇಕೆನಿಸುತ್ತದೆ. ಆಮೇಲೂ ಎರಡು ಸಲ ಓಡಿದೆ, ಯಜಮಾನರೂ ನನ್ನ ಹಿಂದೆಯೇ.

ಏಳಕ್ಕೆ ಸರಿಯಾಗಿ ನಿರೀಕ್ಷಕರು ಬಂದು, ಬೀದಿಯಲ್ಲೇ ನಿಂತು, ಕತ್ತೆತ್ತಿ ನೋಡುತ್ತಾರೆ. ಹತ್ತು ನಿಮಿಷವಾಗುತ್ತದೆ. ಗಡಿಯಾರ ನೋಡಿಕೊಳ್ಳುತ್ತಾರೆ. ಕೊನೆಗೆ ಮುಖ ಗಂಟು ಹಾಕಿಕೊಂಡೇ ಒಳಗೆ ಬರುತ್ತಾರೆ.

“ಎಷ್ಟು ಹೊತ್ತಮ್ಮ ಕಾಯೋದು? ಒಲೆ ಯಾವಾಗ ಹಚ್ತೀರ?”

ಅಕ್ಕ ಒಲೆಯ ಕಬ್ಬಿಣದ ಬಾಗಿಲು ಎಳೆಯುತ್ತಾರೆ. ಒಳಗೆ ಧಗಧಗ ಉರಿ.

“ಹಚ್ಚಿ ಒಂದೂವರೆ ಗಂಟೆ ಮೇಲಾಯ್ತು ಸಾರ್. ಈಗಷ್ಟೇ ಮೂರನೇ ಸಲ ಸೌದೆ ಹಾಕ್ದೆ. ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಝಳ ಹೊಡಿಯುತ್ತೆ.”

ನಿರೀಕ್ಷಕರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮತ್ತೆ ಹೊರಗೆ ಹೋಗಿ ಚಿಮಣಿ ನೋಡಿ ಬರುತ್ತಾರೆ. ಗಂಟು ಹಾಕಿದ ಮುಖದಲ್ಲಿ ನಗು ಮೂಡುತ್ತದೆ. ದೂರಿನ ಹಾಳೆಯ ಕೆಳಗೆ ಏನೋ ಬರೆದು, ಯಜಮಾನರಿಗೆ ಒಂದು ಪ್ರತಿ ಕೊಟ್ಟು ಹೊರಡುತ್ತಾರೆ. ಅಕ್ಕನ ಕೈಯೆಲ್ಲ ಮಸಿ. ಓದಿ ಹೇಳಿ ಎಂದು ನನ್ನನ್ನು ಕೇಳುತ್ತಾರೆ. “ಹೊಗೆ ಇಲ್ಲ. ಒಲೆ ಮುಂದುವರಿಸಬಹುದು,” ಎಂದು ಓದುತ್ತೇನೆ.

ಅಕ್ಕ ಕೈ ಒರೆಸಿಕೊಂಡು ಹಾಳೆಯತ್ತ ಬಗ್ಗುತ್ತಾರೆ.

“ಓದೋಕೆ ನಂಗೂ ಬರುತ್ತೆ. ಆದ್ರೂ ಇನ್ನೊಂದ್ಸಲ ಓದಿ, ಸ್ವಲ್ಪ ಜೋರಾಗಿ.”