ರಾಣಿಯ ಹಣೆಗೆ ಮಾಮಿಯ ಕುಂಕುಮ

೧೯೫೫ರ ಮಾತು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನವರು ಪೂರ್ವ ಆಫ್ರಿಕಾದ ಕಿಸುಮು ಎಂಬ ಊರಿನಲ್ಲಿ ಒಂದು ಹತ್ತಿ ಕಂಪನಿಯ ಗುಮಾಸ್ತರು. ಮದುವೆಗೆಂದು ಧಾರವಾಡಕ್ಕೆ ಬಂದವರು ರಜೆ ಮುಗಿದ ಕೂಡಲೇ ಹಡಗು ಹತ್ತಿ ಹೋಗಿಬಿಟ್ಟರು. ಕಾಗದಪತ್ರ ಸರಿಯಾದ ಮೇಲೆ ನಾನು ಒಬ್ಬಳೇ ಹಿಂದಿನಿಂದ ಹೋಗುವುದೆಂದು ಹಿರಿಯರು ನಿಶ್ಚಯಿಸಿದ್ದರು. ಹಾಗಾಗಿ ಮುಂಬಯಿಗೆ ಬಂದು ದಾದರಿನಲ್ಲಿ, ಹತ್ತಾರು ಸಂಸಾರಗಳ ಒಂದು ಚಾಳಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಇಳಿದಿದ್ದೆ. ಮಾಮಾ ಬೈಕುಲ್ಲಾ ಕಡೆಯ ಒಂದು ಮಿಲ್ಲಿನ ಆಫೀಸಿನಲ್ಲಿದ್ದರು. ಮಾಮಿಗೆ ಮಕ್ಕಳಿರಲಿಲ್ಲ. ನನ್ನನ್ನು ಕಂಡರೆ ಜೀವ. ಆ ಜೀವವೇ ನನ್ನ ಜೀವ ತಿಂದದ್ದು.

ನನ್ನವರು ಹೋದ ಮೇಲೆ ಬರೆದ ಪತ್ರಗಳಲ್ಲಿ ಪ್ರೀತಿಯ ಮಾತು ಎರಡು ಸಾಲು, ರೊಕ್ಕದ ಮಾತು ಎರಡು ಪುಟ. ಇಲ್ಲಿ ಚೆಕ್ಕು, ಡ್ರಾಫ್ಟು ಯಾರೂ ಕೇಳುವುದಿಲ್ಲ. ಕೈಯಲ್ಲಿ ನಗದು ಇದ್ದರೆ ಊಟ, ಇಲ್ಲದಿದ್ದರೆ ಇಲ್ಲ. ಹಡಗು ಮೊಂಬಾಸಾದಲ್ಲಿ ನಿಲ್ಲುತ್ತದೆ. ನಮ್ಮೂರು ಅಲ್ಲಿಂದ ರೈಲಿನಲ್ಲಿ ಬಹಳ ದೂರ. ಕರೆದುಕೊಂಡು ಹೋಗಲು ನಾನು ಬರುತ್ತೇನೆ, ಆದರೆ ರೈಲಿನ ಮಾತು ದೇವರಿಗೇ ಗೊತ್ತು. ಇಳಿಯುವ ಕಡೆ ಸಾಹೇಬರ ಮುಂದೆ ಕೈಯಲ್ಲಿ ಹಣವಿದೆಯೆಂದು ತೋರಿಸಬೇಕು. ಸಣ್ಣ ನೋಟುಗಳನ್ನೇ ತಾ, ಚಿಲ್ಲರೆ ಯಾರ ಹತ್ತಿರವೂ ಇರುವುದಿಲ್ಲ. ಮತ್ತೆ, ಇದರ ಕೆಳಗೆ ಗೆರೆ ಎಳೆದಿದ್ದರು: ನೋಟು ಸ್ವಚ್ಛವಾಗಿರಬೇಕು. ಹರಿದದ್ದು, ಮಸಿ ತಾಗಿದ್ದು, ಬರೆದದ್ದು ಇದ್ದರೆ ತಿರುಗಿಸಿ ಕೊಡುತ್ತಾರೆ.

ಸ್ವಚ್ಛ ನೋಟಿನ ಮಾತು ಹಾಗಿರಲಿ, ನೋಟನ್ನೇ ಕಾಣಬೇಕಲ್ಲ! ಪರದೇಶದ ಹಣ ಬೇಕೆಂದರೆ ಆಗ ಸರಕಾರದ ಪರವಾನಗಿ ಬೇಕು. ಪರವಾನಗಿ ಆಫೀಸಿನವರು ಹಡಗಿನ ಟಿಕೆಟ್ ತೋರಿಸಿ ಎಂದರು. ಹಡಗಿನ ಆಫೀಸಿನವರು ಪಾಸ್‌ಪೋರ್ಟ್ ತೋರಿಸಿ ಎಂದರು. ಪಾಸ್‌ಪೋರ್ಟ್ ಎಲ್ಲಿ ಎಂದರೆ ಪರವಾನಗಿ ಆಫೀಸಿನವರು ಇಟ್ಟುಕೊಂಡಿದ್ದರು. ಮಾಮಾ ಅರ್ಧ ದಿನದ ರಜೆ ಹಾಕಿ ಹಾಕಿ ಅವರ ಸಾಹೇಬ ಕಣ್ಣು ಕೆಂಪು ಮಾಡತೊಡಗಿದ. ಲೋಕಲ್ ರೈಲು ಹತ್ತಿ ಆಫೀಸುಗಳಿದ್ದ ಫೋರ್ಟಿಗೆ ಹೋಗುವುದು, ಕಟ್ಟೆಯ ಮೇಲೆ ಕೂಡುವುದು, "ಕಲ್ ಆನಾ" ಅನ್ನಿಸಿಕೊಂಡು ತಿರುಗಿ ಬರುವುದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ಕಟ್ಟಿದವನು ಆ ಆಫೀಸಿಗೇ ಹೋಗಿ ಬಂದಿರಬೇಕು.

ಅಂತೂ ಪರವಾನಗಿ ಕೈಗೆ ಬಂದು ಗುರುವಾರ ಮಧ್ಯಾಹ್ನ ಬ್ಯಾಂಕಿನಲ್ಲಿ ಹಣ ಸಿಕ್ಕಿತು. ಶನಿವಾರ ಬೆಳಿಗ್ಗೆ ಹಡಗು. ಕೌಂಟರಿನ ಗುಮಾಸ್ತ ದೊಡ್ಡ ನೋಟು ಕೊಡಲು ಬಂದ. ನಾನು ಬಾಯಿ ಬಿಟ್ಟು ಜಗಳಾಡಿ ಎಲ್ಲವನ್ನೂ ಐದು, ಹತ್ತು ಶಿಲಿಂಗ್ ನೋಟುಗಳಲ್ಲೇ ತೆಗೆದುಕೊಂಡೆ. ನನ್ನ ಹಿಂದೆ ನಿಂತಿದ್ದ ಪಾರ್ಸಿ ಮುದುಕ "ಭಾರೀ ಹುಡುಗಿ" ಎಂದು ಗೊಣಗಿದ. ಗೊಣಗಲಿ. ಗರಿಗರಿ ಹೊಸ ನೋಟು, ಅದರ ಮೇಲೆ ಇಂಗ್ಲೆಂಡಿನ ಹೊಸ ರಾಣಿಯ ಚಿತ್ರ. ನೋಡಿ ಸಮಾಧಾನವಾಯಿತು.

ಮನೆಗೆ ಬಂದರೆ ಇಡೀ ಚಾಳಿಗೆ ಸುದ್ದಿ. ನೋಟು ಎಲ್ಲಿ ಬಚ್ಚಿಡಬೇಕೆಂದು ಒಬ್ಬೊಬ್ಬರದು ಒಂದೊಂದು ಸಲಹೆ. ತುರುಬಿನಲ್ಲಿಡು ಎಂದರು ಒಬ್ಬರು, ಸೀರೆಯ ಅಂಚಿನಲ್ಲಿ ಹೊಲಿ ಎಂದರು ಇನ್ನೊಬ್ಬರು. ಎದುರು ಮನೆಯ ಮರಾಠಿ ಅಜ್ಜಿ ಉಪ್ಪಿನಕಾಯಿ ಭರಣಿಯ ತಳದಲ್ಲಿ ಇಟ್ಟರೆ ಕಳ್ಳನ ಅಪ್ಪನಿಗೂ ಸಿಗದು ಎಂದರು. ನಾನು ನನ್ನ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ ಎಂದರೆ ಮಾಮಾ ಒಪ್ಪಲೇ ಇಲ್ಲ. ಹೆಣ್ಣುಮಕ್ಕಳ ಕೈಯಾಗ ಇಷ್ಟು ರೊಕ್ಕ ಬ್ಯಾಡ, ಹಡಗು ಹತ್ತೂ ಮುಂದ ಕೊಡ್ತೀನಿ ಅಂದರು. ಸಮುದ್ರ ದಾಟಿ ಒಬ್ಬಳೇ ಹೋಗಲು ನಾನು ಸಾಕು, ರೊಕ್ಕ ಹಿಡಿಯಲು ಸಾಲೆನು. ಕೊನೆಗೆ ಮಾಮಿ ತೀರ್ಮಾನ ಹೇಳಿದಳು: ಮನೆಗೆ ಬಂದ ಲಕ್ಷ್ಮಿ, ಒಂದು ರಾತ್ರಿ ದೇವರ ಮುಂದ ಇರಲಿ. ನೋಟಿನ ಕಟ್ಟು ದೇವರ ಗೂಡಿಗೆ ಹೋಯಿತು. ಅದರಲ್ಲಿ ತಪ್ಪೇನೂ ನನಗೂ ಕಾಣಲಿಲ್ಲ. ನಮ್ಮಲ್ಲಿ ಹೊಸ ಮೊರ ತಂದರೂ ದೇವರ ಮುಂದೆ ಇಟ್ಟೇ ಬಳಸುವುದು.

ಮರುದಿನ ಶುಕ್ರವಾರ. ನಾನು ಚಾಳಿನ ನಳದಲ್ಲಿ ಸರದಿ ಹಿಡಿದು, ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಮಾಮಿ ದೇವರ ಮುಂದೆ ಕೂತಿದ್ದಾಳೆ. ನೆಲದ ಮೇಲೆ ಮಣೆ, ಮಣೆಯ ಮೇಲೆ ನನ್ನ ನೋಟುಗಳು ಹಪ್ಪಳ ಒಣಗಲು ಹಾಕಿದ ಹಾಗೆ ಸಾಲಾಗಿ. ಒಂದೊಂದು ನೋಟಿನ ಮೇಲೂ ರಾಣಿಯ ಗಲ್ಲಕ್ಕೆ ಅರಿಶಿನ, ಹಣೆಗೆ ಕುಂಕುಮ. ನೀರಿನಲ್ಲಿ ಬೆರಳು ಅದ್ದಿ ಹಚ್ಚಿದ್ದು, ಒದ್ದೆಯಾಗಿ ಕಾಗದದೊಳಗೆ ಇಳಿದು ಕೂತಿತ್ತು. ಒಂದನ್ನೂ ಬಿಟ್ಟಿರಲಿಲ್ಲ.

ಒಂದು ನೋಟು ಎತ್ತಿ ಹಿಡಿದೆ. "ಮಾಮಿ, ಏನ್ ಮಾಡಿದಿ ಇದು?" ಎಂದೆ.

ಮಾಮಿ ತಿರುಗಿ ನೋಡಿ ಸಮಾಧಾನವಾಗಿ ಹೇಳಿದಳು: "ಮುತ್ತೈದಿ ಹೌದಲ್ಲ ಆಕಿ? ಗಂಡ ಅದಾನ, ಎರಡು ಮಕ್ಕಳದಾವ. ಹಣಿ ನೋಡಿದರ ಬರೇದ ಅದ. ಬರಿ ಹಣಿ ಲಕ್ಷ್ಮಿನ್ನ ನಿನ್ನ ಕೈಯಾಗ ಕೊಟ್ಟು ಹೆಂಗ ಕಳಸಲಿ?"

ಇದಕ್ಕೆ ಏನು ಹೇಳುತ್ತೀರಿ? ನಾನು ಅಲ್ಲೇ ಕೂತು ಅಳತೊಡಗಿದೆ. ನನ್ನವರ ಪತ್ರ ತೆಗೆದು, ಗೆರೆ ಎಳೆದ ಸಾಲನ್ನು ಓದಿ ಹೇಳಿದೆ. ಅಲ್ಲಿ ಇಳಿಯಗೊಡದಿದ್ದರೆ ನನ್ನ ಗತಿ ಏನು, ಅದೇ ಹಡಗಿನಲ್ಲಿ ವಾಪಸು ಅಟ್ಟಿದರೆ ಏನು ಎಂದೆ. ಮಾಮಿಯ ಮುಖ ಸಣ್ಣದಾಯಿತು. ಕುಂಕುಮಕ್ಕ ಬ್ಯಾಡ ಅನ್ನೋ ದೇಶ ಎಂಥಾದ್ದವಾ ಎಂದಷ್ಟೇ ಅಂದಳು.

ಆಮೇಲೆ ನಡೆದದ್ದು ಗಾಯದ ಮೇಲೆ ಬರೆ. ಇಡೀ ಚಾಳು ನಮ್ಮ ಬಾಗಿಲಿಗೆ ಬಂತು. ಒಬ್ಬರು ನಿಂಬೆಹಣ್ಣು ಎಂದರು. ಮಾಮಾ ಒಂದರ ಹಿಂದೊಂದು ನೋಟಿಗೆ ನಿಂಬೆರಸ ಹಚ್ಚಿದರು. ನಮ್ಮ ಕುಂಕುಮವೆಂದರೆ ಅರಿಶಿನದಿಂದಲೇ ಮಾಡಿದ್ದಲ್ಲವೇ, ಹುಳಿ ತಾಗಿದ್ದೇ ಕೆಂಪು ಹೋಗಿ ಹಳದಿಯಾಯಿತು. ಹಳದಿ ಹೋಗಲಿ ಎಂದು ಸಾಬೂನು ಹಚ್ಚಿದರು. ಸಾಬೂನು ತಾಗಿದ್ದೇ ಮತ್ತೆ ಕೆಂಪು! ಅದೂ ಈಗ ಹಣೆಯಲ್ಲಷ್ಟೇ ಅಲ್ಲ, ಮೂಗು, ಗಲ್ಲ, ಕೊರಳು ಎಲ್ಲ ಕಡೆ. ರಾಣಿ ಓಕುಳಿ ಆಡಿ ಬಂದ ಹಾಗೆ ಕಾಣತೊಡಗಿದಳು. ಸಾಕು ಮಾಡಿ ಎಂದು ನಾನು ಕೂಗುವುದರೊಳಗೆ ಅರ್ಧ ಕಟ್ಟು ಹಾಗಾಗಿತ್ತು.

ಮಾಮಾ ಮತ್ತೊಂದು ರಜೆ ಹಾಕಿದರು. ಫೋರ್ಟಿಗೆ ಓಡಿದೆವು. ಬ್ಯಾಂಕಿನಲ್ಲಿ ಅದೇ ಗುಮಾಸ್ತ. ನೋಟುಗಳನ್ನು ಬೆರಳ ತುದಿಯಿಂದ ಎತ್ತಿ ನೋಡಿದ, ನನ್ನ ಮುಖ ನೋಡಿದ. ನಾವು ಕೊಟ್ಟಾಗ ಚೆನ್ನಾಗಿದ್ದವು, ಈಗ ಬದಲಿಸಬೇಕೆಂದರೆ ಹೊಸ ಪರವಾನಗಿ ತನ್ನಿ ಎಂದ. ಹೊಸ ಪರವಾನಗಿ! ಅದನ್ನು ತರುವಷ್ಟರಲ್ಲಿ ಆ ರಾಣಿಗೆ ಮೊಮ್ಮಕ್ಕಳಾಗುತ್ತಿದ್ದವು. ಮೆಟ್ಟಿಲ ಮೇಲೆ ನಿಂತು ಮಾಮಾನಿಗೆ ಹೇಳಿದೆ, ನಾನು ಹೋಗುವುದಿಲ್ಲ, ಧಾರವಾಡಕ್ಕೆ ಟಿಕೆಟ್ ತೆಗೆಸಿಬಿಡಿ ಎಂದು. ಮಾಮಾ ಟೋಪಿ ತೆಗೆದು ತಲೆ ಒರೆಸಿಕೊಂಡರು.

ಅವರಿಗೆ ಗ್ರಾಂಟ್ ರೋಡಿನ ಒಬ್ಬ ಉಡುಪಿ ಹೋಟೆಲಿನ ಶೆಟ್ಟರು ಪರಿಚಯ. ಆ ಹೋಟೆಲಿನ ಮೇಲಿನ ಲಾಡ್ಜಿನಲ್ಲಿ ಆಫ್ರಿಕಾಕ್ಕೆ ಹೋಗಿಬರುವ ಗುಜರಾತಿ ವ್ಯಾಪಾರಿಗಳು ಇಳಿಯುತ್ತಿದ್ದರು. ಅಲ್ಲಿ ಯಾರಾದರೂ ಸಿಕ್ಕಾರು ಎಂದು ಹೊರಟೆವು. ಶೆಟ್ಟರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಕಥೆ ಕೇಳಿ ಮೊದಲು ನಕ್ಕರು. ನಾನು ನಗಲಿಲ್ಲವೆಂದು ನೋಡಿ, "ಮಾರಾಯ್ತಿ, ಮೊದಲು ಒಂದು ಕಾಫಿ ಕುಡಿ, ಆಮೇಲೆ ಅಳು" ಎಂದು ಕಾಫಿ ತರಿಸಿ, ತಾವೇ ಮೇಲೆ ಹೋಗಿ ಒಬ್ಬ ಕಚ್ಛಿ ಸೇಠರನ್ನು ಕರೆತಂದರು. ಮೊಂಬಾಸಾದಲ್ಲಿ ಅವರದು ಬಟ್ಟೆ ಅಂಗಡಿ, ಮಗಳ ಮದುವೆ ಮುಗಿಸಿ ಅದೇ ಶನಿವಾರದ ಹಡಗಿನಲ್ಲಿ ವಾಪಸು ಹೊರಟಿದ್ದರು.

ಸೇಠರು ಕನ್ನಡಕ ಹಾಕಿ ಒಂದೊಂದೇ ನೋಟು ನೋಡಿದರು. ನಮ್ಮ ಬಜಾರಿನಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಯಾದ ಮೇಲೆ ಅರ್ಧಕ್ಕರ್ಧ ನೋಟು ಹೀಗೇ ಇರುತ್ತವೆ, ಯಾರೂ ಕೇಳುವುದಿಲ್ಲ ಎಂದರು ಹಿಂದಿಯಲ್ಲಿ. ಆದರೆ ಹಡಗಿನಿಂದ ಇಳಿಯುವ ಕಡೆ ಕೂತ ಗೋರಾ ಸಾಹೇಬ, ರೈಲು ಟಿಕೆಟಿನ ಕಿಟಕಿ, ಅವರ ಮಾತು ಮಾತ್ರ ಹೇಳಲಾರೆ ಎಂದರು. ನನ್ನ ಮುಖ ಏನಾಗಿತ್ತೋ, ಒಳಗಿನ ಜೇಬಿನಿಂದ ತಮ್ಮ ಕಟ್ಟು ತೆಗೆದರು. ನಿನ್ನದು ನನಗೆ ಕೊಡು ಬೇಟಿ, ಅಂಗಡಿಯಲ್ಲಿ ನಡೆಯುತ್ತದೆ ಎಂದು ಸ್ವಚ್ಛ ನೋಟುಗಳನ್ನು ಎಣಿಸಿ ಕೊಟ್ಟರು. ಎಲ್ಲವೂ ಇಪ್ಪತ್ತರವು. ನಾನು ಜಗಳಾಡಿ ತಂದ ಸಣ್ಣ ನೋಟುಗಳೆಲ್ಲ ಅವರ ಜೇಬಿಗೆ ಹೋದವು. ಲೆಕ್ಕಕ್ಕೆ ಹೊಂದದೆ ಒಂದೇ ಒಂದು ಐದರ ನೋಟು ನನ್ನ ಕೈಯಲ್ಲಿ ಉಳಿಯಿತು. ನಿಂಬೆ, ಸಾಬೂನು ತಾಗದೆ ಪಾರಾದ ನೋಟು ಅದು. ಹಣೆಯಲ್ಲಿ ಮಾಮಿ ಇಟ್ಟ ಬೊಟ್ಟು ದುಂಡಗೆ ಹಾಗೇ ಇತ್ತು. ಸಿಟ್ಟಿನಲ್ಲಿ ಅದನ್ನು ಚೀಲದ ತಳಕ್ಕೆ ತುರುಕಿದೆ.

ಮನೆಗೆ ಬಂದು ಹೊಸ ಕಟ್ಟು ಹೊರಗೆ ತೆಗೆದದ್ದೇ ತಡ, ಮಾಮಿ ನೋಟು ನೋಡಿದಳು, ರಾಣಿಯ ಹಣೆ ನೋಡಿದಳು, ಅವಳ ಕೈ ತಾನಾಗಿ ಕುಂಕುಮದ ಭರಣಿಯ ಕಡೆ ಹೋಯಿತು. ನಾನು ನೋಟುಗಳನ್ನು ಎದೆಗೆ ಅವಚಿಕೊಂಡು, ಮುಟ್ಟಿದರೆ ನೋಡು ಎಂದು ಕಿರುಚಿದೆ. ಮಾಮಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಆಕಿ ಹಣಿ ಕಟ್ಟಿಕೊಂಡು ನನಗೇನು ಆಗಬೇಕವಾ," ಎಂದಳು. "ನಿನ್ನ ಹಣಿ ತುಂಬಿರಲಿ ಅಂತ ಹಚ್ಚಿದೆ. ಅಷ್ಟು ದೂರ ಹೊಂಟೀದಿ, ಅಲ್ಲೆ ನಿನಗ ಹಚ್ಚವರು ಯಾರದಾರ?"

ಬೇರೆ ದಿನವಾಗಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆನೇನೋ. ಅವತ್ತು ತಲೆ ಚಿಟ್ಟು ಹಿಡಿದು ಹೋಗಿತ್ತು. ಗೋಡೆಗೆ ಮುಖ ಮಾಡಿ ಮಲಗಿದೆ. ಬೆಳಿಗ್ಗೆ ಬಂದರಿನಲ್ಲಿ ಮಾಮಿ ಉಡಿ ತುಂಬಿ, ನನ್ನ ಹಣೆಗೆ ಅಂಗೈಯಗಲ ಕುಂಕುಮ ಹಚ್ಚಿ ಕಳಿಸಿದಳು. ಹಡಗಿನ ಮೇಲಿಂದ ನೋಡಿದರೆ ದಡದ ಕಂಬಿ ಹಿಡಿದು ನಿಂತಿದ್ದಳು. ಸೆರಗಿನಿಂದ ಕಣ್ಣು ಒರೆಸುತ್ತಿದ್ದಳೋ ಬಿಸಿಲಿಗೆ ಮರೆ ಹಿಡಿದಿದ್ದಳೋ ಅಲ್ಲಿಂದ ತಿಳಿಯಲಿಲ್ಲ.

ಮೊಂಬಾಸಾದಲ್ಲಿ ಗೋರಾ ಸಾಹೇಬ ನನ್ನ ನೋಟುಗಳನ್ನು ನೋಡಿ, ಸರಿ ಎಂದು ತಲೆ ಆಡಿಸಿ, ಪಾಸ್‌ಪೋರ್ಟಿಗೆ ಮುದ್ರೆ ಹೊಡೆದ. ಗೆದ್ದೆ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ನನ್ನವರಿಲ್ಲ. ಒಳನಾಡಿನ ಮಳೆಗೆ ರೈಲು ದಾರಿ ಕೊಚ್ಚಿಹೋಗಿದೆ, ನಾಳೆಯವರೆಗೆ ಗಾಡಿ ಬರುವುದಿಲ್ಲ ಎಂದು ತಿಳಿಯಿತು. ಕಚ್ಛಿ ಸೇಠರು ಸಾಮಾನು ಬಿಡಿಸಿಕೊಳ್ಳಲು ಒಳಗೆ ಸಿಕ್ಕಿಕೊಂಡಿದ್ದರು. ಅವರ ಊರಿನವರ ಧರ್ಮಶಾಲೆ ಹತ್ತಿರದಲ್ಲೇ ಇದೆ, ಹೆಂಗಸರಿದ್ದಾರೆ, ಅಲ್ಲಿಗೆ ಹೋಗು ಎಂದು ಹಡಗಿನಲ್ಲೇ ಹೇಳಿದ್ದರು. ಟ್ರಂಕು ಹೊತ್ತು ತಂದ ಹಮಾಲನಿಗೆ ಇಪ್ಪತ್ತರ ನೋಟು ಹಿಡಿದೆ. ಅವನು ಎರಡೂ ಕೈ ತೋರಿಸಿ ಚಿಲ್ಲರೆ ಇಲ್ಲ ಎಂದ. ಟ್ರಂಕಿನ ಮೇಲೆ ಕೈ ಇಟ್ಟು ನಿಂತ, ಬಿಡಲೊಲ್ಲ. ಚಹದವನಿಗೆ ಕೇಳಿದೆ, ಇಲ್ಲ. ಬೀಡಿ ಅಂಗಡಿಯವನಿಗೆ ಕೇಳಿದೆ, ಇಲ್ಲ. ಕೈ ತುಂಬ ಸ್ವಚ್ಛ ನೋಟು, ಬೆಳಗಿನಿಂದ ಹೊಟ್ಟೆಗೆ ಏನಿಲ್ಲ, ಬಿಸಿಲು ಬೇರೆ ನೆತ್ತಿ ಸುಡುತ್ತಿತ್ತು. ಸಣ್ಣ ನೋಟನ್ನೇ ತಾ ಎಂದು ಬರೆದವರು ಎಲ್ಲೋ ಕೆಸರಿನಲ್ಲಿ ರೈಲಿನೊಳಗೆ ಕೂತಿದ್ದರು.

ಹಾದಿ ಬದಿಯಲ್ಲಿ ಒಬ್ಬ ಆಫ್ರಿಕನ್ ಹೆಂಗಸು ಬಾಳೆಹಣ್ಣು ಮಾರುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಚೀಲದ ತಳದಿಂದ ಆ ಐದರ ನೋಟು ತೆಗೆದು, ಬೊಟ್ಟು ಕಾಣದ ಹಾಗೆ ಮಡಚಿ ಕೊಟ್ಟೆ. ಅವಳು ಬಿಚ್ಚಿ ನೋಡಿದಳು. ಅವಳು ರಾಣಿಯ ಹಣೆಯ ಮೇಲೆ ಬೆರಳಿಟ್ಟಳು. ಆಮೇಲೆ ತಲೆ ಎತ್ತಿ ನನ್ನ ಹಣೆಯ ಕಡೆ ಅದೇ ಬೆರಳು ತೋರಿಸಿದಳು. ಅವಳ ಮಾತು ನನಗೆ ಬಾರದು, ನಗು ಮಾತ್ರ ತಿಳಿಯಿತು. ಪಕ್ಕದವಳಿಗೂ ನೋಟು ತೋರಿಸಿ, ನನ್ನನ್ನೂ ತೋರಿಸಿ ನಕ್ಕಳು. ಬಾಳೆಹಣ್ಣಿನ ಜೊತೆ ನಡುವೆ ತೂತಿದ್ದ ನಾಣ್ಯಗಳನ್ನು ಕೈ ತುಂಬ ಎಣಿಸಿ ಕೊಟ್ಟಳು. ಹಮಾಲನ ಕೂಲಿ ಮುಟ್ಟಿತು, ಟ್ರಂಕು ಎದ್ದಿತು. ನನಗೂ ನಗು ಬರಬೇಕಿತ್ತು. ಅಳು ಬಂತು. ಮಾಮಿ ನೆನಪಾದಳು. ಬಾಳೆಹಣ್ಣು ತಿನ್ನುತ್ತ, ಕಣ್ಣು ಒರೆಸಿಕೊಳ್ಳುತ್ತ ಹಮಾಲನ ಹಿಂದೆ ನಡೆದೆ.

ಮರುದಿನ ಸಂಜೆ ನನ್ನವರು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದರು. ಹೇಗಿದ್ದೀ, ಹಡಗಿನಲ್ಲಿ ತ್ರಾಸಾಯಿತೇ ಎಂದೇನೂ ಇಲ್ಲ. ನೋಟು ಸ್ವಚ್ಛ ಇದ್ದವಲ್ಲ ಎಂದು ಕೇಳಿದರು. ಅವರನ್ನು ಹೇಗೆ ನೋಡಿದೆನೋ, ಆಮೇಲೆ ಬಹಳ ಹೊತ್ತು ಅವರು ರೊಕ್ಕದ ಮಾತೆತ್ತಲಿಲ್ಲ.

ಕಿಸುಮು ಮುಟ್ಟಿದ ಮೇಲೆ ಮಾಮಿಗೆ ಎಲ್ಲವನ್ನೂ ಬರೆದೆ. ಬಾಯಿ ಬಿಟ್ಟು ಹೇಳಲಾಗದ್ದನ್ನೂ ಬರೆದೆ, ಅವತ್ತು ನಿನ್ನ ಕುಂಕುಮವೇ ನನ್ನ ಕೈ ಹಿಡಿಯಿತು ಎಂದು. ಮಾಮಿಗೆ ಬರೆಯಲು ಬಾರದು. ಅವಳು ಹೇಳಿದ್ದನ್ನು ಮಾಮಾ ಬರೆದು ಕಳಿಸಿದ್ದರು. ಬೆಳ್ಳುಳ್ಳಿ ಚಟ್ನಿ ಕಳಿಸಲೋ ಎಂದು ಕೇಳಿ, ಕೊನೆಗೆ ಒಂದು ಸಾಲು: "ಎಲ್ಲಾ ನೋಟೂ ನಾ ಹಚ್ಚಿದಂಗ ಇರಗೊಟ್ಟಿದ್ದರ ನಿನಗ ಅಷ್ಟು ತ್ರಾಸ ಆಗ್ತಿರಲಿಲ್ಲವಾ."

ಮಾಮಿ ತೀರಿಹೋಗಿ ಎಷ್ಟೋ ಕಾಲವಾಯಿತು. ಅವಳು ಹೇಳಿದ್ದು ಖರೆ ಎಂದು ನನಗೆ ಅವತ್ತು ಮೊಂಬಾಸಾದಲ್ಲೇ ಗೊತ್ತಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು.